ಶಿಷ್ಯನನ್ನು ಒಲಿಸಲು ಗುರುವೆ?

ಗುರುವನ್ನು ಆರಿಸುವುದು ವಿದ್ಯೆಗಾಗಿಯೊ, ಒಬ್ಬ ಶಿಷ್ಯನನ್ನು ಉಳಿಸಿಕೊಳ್ಳುವುದಕ್ಕಾಗಿಯೊ? ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬ್ಯಾಸ್ಕೆಟ್‌ಬಾಲ್ ತಂಡವಾದ ಕ್ಯಾವಲಿಯರ್ಸ್ 2010ರಲ್ಲಿ ನಡೆದುಕೊಂಡ ರೀತಿಯನ್ನು ನೆನೆದಾಗ ಈ ಪ್ರಶ್ನೆ ಏಳದಿರದು.

ನೆರೆಯ ಆಕ್ರನ್ ಊರಿನಲ್ಲಿ ಹುಟ್ಟಿ ಬೆಳೆದ ಲೆಬ್ರಾನ್ ಜೇಮ್ಸ್ ಆ ತಂಡದ ಜೀವಾಳವಾಗಿದ್ದನು. ಆ ಬೇಸಗೆಯಲ್ಲಿ ಅವನು ಬೇರೆ ತಂಡವನ್ನು ಸೇರಲು ಸ್ವತಂತ್ರನಾಗುವವನಿದ್ದನು. ತರಬೇತುದಾರರಾದ ಮೈಕ್ ಬ್ರೌನ್ 2009ರಲ್ಲಿ ಶ್ರೇಷ್ಠ ತರಬೇತುದಾರರೆಂಬ ಪ್ರಶಸ್ತಿ ಪಡೆದವರು. ಮರುವರ್ಷವೂ 82 ಪಂದ್ಯಗಳಲ್ಲಿ 61ನ್ನು ಗೆಲ್ಲಿಸಿಕೊಟ್ಟವರು. ಆದರೂ ಅಂತಿಮ ಘಟ್ಟಗಳಲ್ಲಿ ತಂಡವು ಬಾಸ್ಟನ್ನಿಗೆ ಸೋತ ಬಳಿಕ ಅವರನ್ನು ಕಳುಹಿಸಿಬಿಟ್ಟರು. ಜೇಮ್ಸನ ಮನಸ್ಸನ್ನು ಒಲಿಸುವ ಹಂಬಲವೇ ಇದರ ಹಿಂದಿತ್ತೆಂದು ನಾನು ನಂಬುತ್ತೇನೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಟಾಮ್ ಇಜ್ಜೋ ಅವರನ್ನು ಕರೆದರು, ಅವರು ಒಲ್ಲೆನೆಂದರು. ಜುಲೈ ಆರಂಭದಲ್ಲಿ ಬೈರನ್ ಸ್ಕಾಟ್ ಅವರು ನೇಮಕಗೊಂಡರು. ಜುಲೈ 8ರಂದು ಜೇಮ್ಸ್ ತಾನು ಮಯಾಮಿಗೆ ಹೋಗುವುದಾಗಿ ಟೆಲಿವಿಷನ್ನಿನಲ್ಲಿ ಸಾರಿದನು! ಮುಂದಿನ ಋತುವಿನಲ್ಲಿ ಆ ತಂಡ ಗೆದ್ದದ್ದು 19 ಪಂದ್ಯ. ಒಂದೇ ಸಮನೆ ಸೋತದ್ದು 26.

ಜೇಮ್ಸನ ನಿರ್ಗಮನವನ್ನು ನಾನು ದ್ರೋಹವೆನ್ನಲಾರೆ. ಕರಾರು ತೀರಿದವನು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಲಿ. ಆದರೆ ಒಬ್ಬನನ್ನು ಹಿಡಿದಿಡಲೆಂದು ಇನ್ನೊಬ್ಬರ ಐದು ವರ್ಷಗಳ ದುಡಿಮೆಯನ್ನು ಗಾಳಿಗೆ ತೂರುವುದು ನ್ಯಾಯವೆ? 2014ರಲ್ಲಿ ಜೇಮ್ಸ್ ಮರಳಿದನು. 2016ರಲ್ಲಿ ಆ ನಗರಕ್ಕೆ 52 ವರ್ಷಗಳ ಬಳಿಕ ಕಿರೀಟ ದೊರೆಯಿತು. ಅವನನ್ನು ಮರಳಿ ಕರೆದದ್ದು ಹುಟ್ಟಿದ ನೆಲದ ಸೆಳೆತವೆಂದು ಅವನೇ ಬರೆದನು. ತರಬೇತುದಾರರ ಹುದ್ದೆ ಇಡೀ ತಂಡದ ಸೊತ್ತು. ಅದನ್ನು ಒಬ್ಬನಿಗೆ ಕಾಣಿಕೆಯಾಗಿ ಒಪ್ಪಿಸಿದವರು ಕೊನೆಗೆ ಇಬ್ಬರನ್ನೂ ಕಳೆದುಕೊಳ್ಳುತ್ತಾರೆ.