ತಾಳಿಕೋಟೆಯ ಕಾಳಗದ ಒಂದು ಚಿತ್ರ

ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ 1565 ಎಂಬ ಇಸವಿಯನ್ನು ಎಷ್ಟು ಮಂದಿ ಹುಡುಗರಿಂದ ಬಾಯಿಪಾಠ ಮಾಡಿಸಿದೆನೋ ಲೆಕ್ಕವಿಲ್ಲ. ರಕ್ಕಸಗಿ ತಂಗಡಗಿಗಳ ಬಳಿ ಅಳಿಯ ರಾಮರಾಯನು ಮಡಿದನು, ವಿಜಯನಗರವು ಹಾಳಾಯಿತು ಎಂಬಲ್ಲಿಗೆ ನಮ್ಮ ಪಾಠವು ಮುಗಿಯುತ್ತಿತ್ತು. ಗೆದ್ದವರು ಆ ದಿನವನ್ನು ಹೇಗೆ ಚಿತ್ರಿಸಿಟ್ಟರೆಂಬುದನ್ನು ನಾನು ಹೇಳಿದವನಲ್ಲ, ನನಗೇ ತಿಳಿದಿರಲಿಲ್ಲ.

ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಲದಲ್ಲಿ ‘ತಾರೀಫ್-ಇ-ಹುಸೇನ್ ಶಾಹಿ’ ಎಂಬ ಪಾರಸೀ ಕಾವ್ಯದ ಸಚಿತ್ರವಾದ ಹಸ್ತಪ್ರತಿಯೊಂದುಂಟು. ಅಹಮದನಗರದ ಹುಸೇನ ನಿಜಾಮಶಾಹನನ್ನು ಕೊಂಡಾಡಿ ಅಫ್ತಾಬಿ ಎಂಬ ಕವಿಯು ರಚಿಸಿದುದು. ಅದರ ಸಣ್ಣ ಚಿತ್ರಗಳಲ್ಲಿ ಕೆಲವು ಈ ಯುದ್ಧದವೇ. ಯುದ್ಧವಾದ ಕೆಲವೇ ವರ್ಷಗಳಲ್ಲಿ ಬರೆದವು. ಒಂದರಲ್ಲಿ ಹುಸೇನನು ಕುದುರೆಯ ಮೇಲಿದ್ದಾನೆ. ಅವನ ಅಪ್ಪಣೆಯಂತೆ ರಾಮರಾಯನ ಶಿರಚ್ಛೇದವು ನಡೆಯುತ್ತಲಿದೆ. ಅಂಗೈಯಗಲದಷ್ಟು ಬಣ್ಣದಲ್ಲಿ ಒಂದು ಸಾಮ್ರಾಜ್ಯದ ಅವಸಾನ! ಅಚ್ಚಾದ ಪ್ರತಿಕೃತಿಯನ್ನು ಮೊದಲು ಕಂಡಾಗ ನಾನು ಪುಸ್ತಕವನ್ನು ಮುಚ್ಚಿಟ್ಟೆನು. ಮರುದಿನ ಮತ್ತೆ ತೆರೆದೆನು.

ತೆರೆದುದು ಒಳ್ಳೆಯದಾಯಿತು. ಆ ಹೊತ್ತಗೆಯಲ್ಲಿ ಅರಸನ ಮಗ್ಗುಲಿಗೆ ಅರಸಿ ಖುಂಜಾ ಹುಮಾಯೂನಳನ್ನೂ ಬರೆದಿದ್ದರು. ಹಿಂದೆ ರಾಮರಾಯನೊಡನೆ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಬಂದಿದ್ದ ಬಿಜಾಪುರದ ಅಲಿ ಆದಿಲಶಾಹನು ಈಚೆಯ ಪಕ್ಷಕ್ಕೆ ಸೇರಿದುದು ಇವಳ ಮಗಳು ಚಾಂದಬೀಬಿಯ ಕೈಹಿಡಿದ ಮೇಲೆ. ಸೊಲ್ಲಾಪುರದ ಕೋಟೆಯು ಬಳುವಳಿಯಾಗಿ ಹೋಯಿತು. ಗೆದ್ದ ಹುಸೇನನಾದರೋ ಅದೇ ವರ್ಷ ತೀರಿಕೊಂಡನು. ಎಳೆಯ ಮಗ ಮುರ್ತಜನ ಪರವಾಗಿ ರಾಣಿಯು ರಾಜ್ಯವಾಳಿದಳು. 1569ರಲ್ಲಿ ಆ ಮಗನೇ ತಾಯಿಯನ್ನು ಸೆರೆಗೆ ಹಾಕಿಸಿದನು. ಬಳಿಕ ಚಿತ್ರಗಳಲ್ಲಿದ್ದ ಅವಳ ರೂಪವನ್ನೂ ಅಳಿಸಿದರೆಂದು ವಿದ್ವಾಂಸರ ಊಹೆ. ಸಿಂಹಾಸನದಲ್ಲಿ ಅರಸನ ಪಕ್ಕದಲ್ಲಿ ಈಗ ಕಾಣುವುದು ಬಳಿದ ಬಣ್ಣದ ಕಲೆ ಮಾತ್ರ. ಶತ್ರುವಿನ ತಲೆಯನ್ನು ಅಷ್ಟು ಜತನದಿಂದ ಚಿತ್ರಿಸಿ ಉಳಿಸಿಕೊಂಡ ಮನೆಯವರು ತಮ್ಮ ತಾಯಿಯ ಮುಖವನ್ನು ಉಳಿಸಲಿಲ್ಲ.

ಇನ್ನೊಂದು ಪುಟವುಂಟು. ಅದರಲ್ಲಿ ಯುದ್ಧವಿಲ್ಲ. ಹೆಣ್ಣೊಬ್ಬಳ ಸ್ಪರ್ಶಕ್ಕೆ ಮರವು ಹೂ ಬಿಟ್ಟಿದೆ. ಇದು ನಮ್ಮ ಕಾವ್ಯಗಳ ದೋಹದವಲ್ಲದೆ ಮತ್ತೇನು? ಅಶೋಕಕ್ಕೆ ತರುಣಿಯ ಪಾದತಾಡನ, ಬಕುಲಕ್ಕೆ ಅವಳ ಬಾಯ ಮದ್ಯದ ಸೇಚನ ಎಂದು ಮಕ್ಕಳಿಗೆ ನಾನು ಕವಿಸಮಯವನ್ನು ವಿವರಿಸುತ್ತಿದ್ದಾಗ, ಅದು ನಿಜಾಮಶಾಹಿಯ ಪಾರಸೀ ಪದ್ಯಗಳ ನಡುವೆ ಹೀಗೆ ಅರಳಿ ನಿಂತಿದೆಯೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಈಗ ಮೊಮ್ಮಕ್ಕಳಿಗೆ ಆ ಪುಸ್ತಕವನ್ನು ತೋರಿಸುವಾಗ ಮೊದಲು ಈ ಮರವನ್ನು ತೋರಿಸುತ್ತೇನೆ. ಕಾಳಗದ ಪುಟವನ್ನು ಅನಂತರ.