ಅಗ್ಗದ ಫೋನಿಗೆ ಬೀಗ ಬೇಡ್ವಾ?

ಶೃಂಗೇರಿಯ ನಮ್ಮನೆಗೆ ಅಡಿಕೆ ಸುಲಿಯೋಕೆ ಬರುವ ಅಕ್ಕನ ಹಳೇ ಫೋನಲ್ಲಿ ಆಧಾರ್ ಫೋಟೋ, ಬ್ಯಾಂಕ್ ಮೆಸೇಜು ಎಲ್ಲಾ ಇದೆ. ಕಳೆದುಹೋದ್ರೆ?

ದುಬಾರಿ ಫೋನಿನ ಚಿಪ್‌ನಲ್ಲಿ ಎಇಎಸ್ ಎನ್‌ಕ್ರಿಪ್ಷನ್‌ಗೆಂದೇ ಪ್ರತ್ಯೇಕ ವ್ಯವಸ್ಥೆ ಇರುತ್ತೆ. ಕಾರ್ಟೆಕ್ಸ್-ಎ7ನಂಥ ಅಗ್ಗದ ಚಿಪ್‌ನಲ್ಲಿ ಇಲ್ಲ. ಹಾಗಾಗಿ ಎಇಎಸ್ ವೇಗ ಸೆಕೆಂಡಿಗೆ 50 ಎಂಬಿ ಮುಟ್ಟದ ಫೋನುಗಳಿಗೆ ಆಂಡ್ರಾಯ್ಡ್ ಎನ್‌ಕ್ರಿಪ್ಷನ್‌ನಿಂದಲೇ ವಿನಾಯಿತಿ ಕೊಟ್ಟಿತ್ತು. ವಿನಾಯಿತಿಯಂತೆ! ಸಿಕ್ಕಿದ್ದು ಫೋನ್ ಕಂಪನಿಗೆ, ಬಯಲಾಗಿದ್ದು ಬಡವರ ಗುಟ್ಟು.

2019ರಲ್ಲಿ ಗೂಗಲ್‌ನ ಪಾಲ್ ಕ್ರೌಲಿ, ಎರಿಕ್ ಬಿಗರ್ಸ್ ‘ಅಡಿಯಾಂಟಮ್’ ತಂದರು. (ನಮ್ಮ ತೋಡಿನಂಚಲ್ಲಿ ಬೆಳೆಯೋ ಜರೀಗಿಡದ ಹೆಸರು!) ಅದೇ ಅಗ್ಗದ ಚಿಪ್‌ನಲ್ಲಿ ಇದರ ವೇಗ ಎಇಎಸ್‌ಗಿಂತ ಸುಮಾರು 5 ಪಟ್ಟಾಯ್ತು. ವಿನಾಯಿತಿಗೆ ನೆಪವೇ ಉಳಿಯಲಿಲ್ಲ. ಆಂಡ್ರಾಯ್ಡ್ 10ರೊಂದಿಗೆ ಬರುವ ಹೊಸ ಫೋನಿಗೆಲ್ಲ ಎನ್‌ಕ್ರಿಪ್ಷನ್ ಕಡ್ಡಾಯವಾಯ್ತು.

ಅಕ್ಕನ ಫೋನು ಅದಕ್ಕೂ ಹಳೇದು.