ಮಂಡಿಯ ಸುತ್ತು ಎಣಿಸುವ ಮೊದಲು

ಸಾಲಿಗ್ರಾಮ ಮೇಳದ ಆಟದಲ್ಲಿ ಅಭಿಮನ್ಯು ಮಂಡಿ ಹಾಕಿದರೆ ನಾವು ಸುತ್ತು ಎಣಿಸುತ್ತೇವೆ, ಶಿಳ್ಳೆ ಹೊಡೆಯುತ್ತೇವೆ. ಕಾಲಿನ ಕಷ್ಟ ನೋಡುವುದಿಲ್ಲ.

ಹೆಚ್ಚಿನವರಿಗೆ ಒಂದು ಕಾಲು ತುಸು ಗಟ್ಟಿ, ಇನ್ನೊಂದು ತುಸು ಸೋಲು. ಅದು ರೋಗವಲ್ಲ. ಆದರೆ ತಿರುಗಾಟದ ಆರು ತಿಂಗಳು ಒಂದೇ ಬದಿಗೆ ತಿರುಗುತ್ತಿದ್ದರೆ ಎರಡು ಕಾಲಿಗೂ ಭಾರ ಸಮ ಬೀಳುವುದಿಲ್ಲ. ಸೋತ ಕಾಲಿನ ಕೆಲಸವನ್ನೂ ಗಟ್ಟಿ ಕಾಲೇ ಮಾಡುತ್ತದೆ. ನೋವು ಬಂದಾಗಲೇ ಗೊತ್ತಾಗುವುದು.

ಈಗ ಮಳೆಗಾಲ, ಕಲಿಕೆಯ ಕಾಲ. ಮಕ್ಕಳು ಗೋಡೆ ಪಕ್ಕ ಒಂದೊಂದೇ ಕಾಲಲ್ಲಿ ನಿಂತು ಎಣಿಸಲಿ. ಬೇಗ ವಾಲುವ ಕಾಲಿಗೆ ಹೆಚ್ಚು ಅಭ್ಯಾಸ ಬೇಕು. ಗುರುಗಳು ಎಡಕ್ಕೂ ಬಲಕ್ಕೂ ತಿರುಗಿಸಲಿ. ಕಾಲು ಇದ್ದಕ್ಕಿದ್ದಂತೆ ಸೋತರೆ ಡಾಕ್ಟರಿಗೆ ತೋರಿಸಿ.

‘ಇನ್ನೊಂದು ಸುತ್ತು’ ಎಂದು ಕೂಗುವುದನ್ನು ನಾವೂ ಬಿಡೋಣ.